ಹೇಮನ್‌ಗಿಂತ ದೊಡ್ಡ ಮ್ಯಾನೇಜರ್ ಇದ್ದಾರಾ?

WWEಯಂಥ ಟಿವಿ ಕುಸ್ತಿಯ ಮ್ಯಾನೇಜರ್‌ಗಳಲ್ಲಿ, ಅಂದರೆ ಕುಸ್ತಿಪಟುವಿನ ಪಕ್ಕ ನಿಂತು ಅವನ ಪರವಾಗಿ ಮಾತಾಡುವವರಲ್ಲಿ, ಪಾಲ್ ಹೇಮನ್‌ಗೇ ಮೊದಲ ಸ್ಥಾನ ಅಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅಲ್ಲ. ಮೊದಲು ಬಾಬಿ ಹೀನನ್, ಆಮೇಲೆ ಹೇಮನ್.

1987ರ ಹೊತ್ತಿನ ದೈತ್ಯ ಕುಸ್ತಿಪಟು ಆಂಡ್ರೆ ದ ಜಯಂಟ್‌ನ ಕಥೆ ಸಿಕ್ಕರೆ ಪೂರ್ತಿ ನೋಡಿ. ಜನ ವರ್ಷಗಟ್ಟಲೆ ಪ್ರೀತಿಸಿದ್ದ ಮನುಷ್ಯ ಅವನು. ಅವನ ಪಕ್ಕ ಹೀನನ್ ಬಂದು ನಿಂತ, ಅಷ್ಟೇ. ಆಂಡ್ರೆ ಆಗಿನ ಚಾಂಪಿಯನ್ ಹಲ್ಕ್ ಹೋಗನ್‌ನ ಅಂಗಿ ಹರಿದು, ಕೊರಳಲ್ಲಿದ್ದ ಶಿಲುಬೆಯ ಸರವನ್ನೂ ಕಿತ್ತುಬಿಟ್ಟ. ಆಂಡ್ರೆಗೆ ಜಾಸ್ತಿ ಮಾತೇ ಬೇಕಾಗಲಿಲ್ಲ, ಮಾತೆಲ್ಲ ಹೀನನ್‌ದು. ವರ್ಷದ ಅತಿ ದೊಡ್ಡ ಕುಸ್ತಿ ಕಾರ್ಯಕ್ರಮವಾದ ರೆಸಲ್‌ಮೇನಿಯಾದ ಮೂರನೇ ಆವೃತ್ತಿಯಲ್ಲಿ ಅವರಿಬ್ಬರ ಪಂದ್ಯಕ್ಕೆ ಅಷ್ಟು ಕಾವು ಬಂದಿದ್ದು ಹಾಗೆ. ಇನ್ನೊಂದು, ಹೀನನ್ ಒದೆ ತಿನ್ನೋಕೂ ರೆಡಿ. ಅಲ್ಟಿಮೇಟ್ ವಾರಿಯರ್ ಅನ್ನೋ ಕುಸ್ತಿಪಟು ಹತ್ತಿರ ಸೋತು ಮುಂಗುಸಿಯಂಥ ಪ್ರಾಣಿಯ ವೇಷ ಹಾಕಿಸಿಕೊಂಡವನು! ಕೆಟ್ಟವನಿಗೆ ಶಾಸ್ತಿಯಾಯಿತು ಅನ್ನೋ ಖುಷಿಯನ್ನು ಜನರಿಗೆ ಅವನಷ್ಟು ಚೆನ್ನಾಗಿ ಕೊಟ್ಟವರಿಲ್ಲ.

ಹೇಮನ್ ಮೈಕ್ ಹಿಡಿದರೆ ಸರಿಸಾಟಿಯಿಲ್ಲ, ಒಪ್ಪುತ್ತೇನೆ. 2014ರಲ್ಲಿ ಅವನ ಕುಸ್ತಿಪಟು ಬ್ರಾಕ್ ಲೆಸ್ನರ್, ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್ ಅನ್ನೋ ಕುಸ್ತಿಪಟುವಿನ ಸೋಲಿಲ್ಲದ ಸರಣಿ ಮುರಿದಾಗ ಹೇಮನ್ ಕಣ್ಣರಳಿಸಿ ನಿಂತ ಆ ಮುಖ ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೂರನೆಯವನು ಪಾಲ್ ಬೇರರ್. ಬಿಳುಚಿದ ಮುಖ, ಕೀರಲು ದನಿ, ಕೈಯಲ್ಲಿ ಚಿತಾಭಸ್ಮದ ಕಲಶ. ನಿಜ ಜೀವನದಲ್ಲೂ ಅವನು ಶವಸಂಸ್ಕಾರದ ಕೆಲಸ ಮಾಡಿದ್ದವನು. 1996ರ ಸಮ್ಮರ್‌ಸ್ಲ್ಯಾಮ್ ಕಾರ್ಯಕ್ರಮದಲ್ಲಿ ತಾನೇ ಮ್ಯಾನೇಜರ್ ಆಗಿದ್ದ ಅಂಡರ್‌ಟೇಕರ್‌ಗೆ ಅದೇ ಕಲಶದಿಂದ ಹೊಡೆದ ಕ್ಷಣ ನನಗೆ ತುಂಬಾ ಇಷ್ಟ.

ಮೆಗಾಫೋನ್ ಹಿಡಿದ ಜಿಮ್ಮಿ ಹಾರ್ಟ್, ಟೆನಿಸ್ ರ‍್ಯಾಕೆಟ್ ಹಿಡಿದ ಜಿಮ್ ಕಾರ್ನೆಟ್ ಇವರ ನಂತರ. ನೀವು ಹೀನನ್‌ನ ಹಳೇ ಪಂದ್ಯಗಳನ್ನು ನೋಡಿಲ್ಲದಿದ್ದರೆ ಆಂಡ್ರೆ–ಹೋಗನ್‌ನಿಂದಲೇ ಶುರು ಮಾಡಿ.