ರೊಟ್ಟಿ ಬಡಿಯುವ ಕಟ್ಟೆಗೆ ಎತ್ತರ ಎಷ್ಟಿರಬೇಕು? ಮನೆಯ ಒಳಾಂಗಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ವಿಜಯಪುರದಲ್ಲಿ 30×40 ಅಡಿ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಹಾಲ್‌ಗೆ ಬೂದು ಬಣ್ಣ, ಮಿರಿಮಿರಿ ಮಿಂಚುವ ಬಿಳಿ ಟೈಲ್ಸ್ ಹಾಕಿಸೋಣ ಅಂತಾರೆ ಕಂಟ್ರಾಕ್ಟರ್. ನಾಲ್ಕೈದು ವರ್ಷಕ್ಕೇ ಹಳೇ ಫ್ಯಾಷನ್ ಅನ್ನಿಸಬಾರದು.

ಎರಡೂ ಬೇಡ. ಬೂದು ಬಣ್ಣದ ಕಾಲ ಮುಗಿಯುತ್ತಾ ಬಂತು. ಈಗ ಮಣ್ಣಿನ ಬಣ್ಣಗಳ ಕಡೆ ಜನ ವಾಲುತ್ತಿದ್ದಾರೆ: ಇಟ್ಟಿಗೆ ಕೆಂಪು, ಗೋಧಿ ಬಣ್ಣ, ಬೆಲ್ಲದ ಕಂದು. ವರ್ಷಕ್ಕೊಂದು ಬಣ್ಣ ಆರಿಸಿ ಹೇಳುವ ಪ್ಯಾಂಟೋನ್ ಸಂಸ್ಥೆ 2025ರ ಬಣ್ಣ ಅಂತ ಆರಿಸಿದ್ದು ಕೂಡ ಮೋಕಾ ಮೂಸ್ ಎಂಬ ಕಂದು ಬಣ್ಣವನ್ನೇ. ಬಾದಾಮಿಯ ಬಂಡೆ ನೋಡಿದ್ದೀರಲ್ಲ, ಆ ಕೆಂಪು ಒಂದು ಗೋಡೆಗೆ ಇರಲಿ. ಉಳಿದ ಮೂರಕ್ಕೆ ಕೆನೆ ಬಣ್ಣ ಸಾಕು.

ನೆಲದ ವಿಷಯಕ್ಕೆ ಬಂದರೆ, ಎರೆಮಣ್ಣಿನ ಊರಿನಲ್ಲಿ ಮಿಂಚುವ ಬಿಳಿ ಟೈಲ್ಸ್ ಮೇಲೆ ಒಂದೊಂದು ಹೆಜ್ಜೆಯೂ ಕಾಣುತ್ತದೆ. ದಿನಕ್ಕೆ ಮೂರು ಸಲ ಒರೆಸುವವರು ಯಾರು? ಮ್ಯಾಟ್ ಫಿನಿಶ್ ತಗೊಳ್ಳಿ. ಕೈಯಲ್ಲಿ ದುಡ್ಡಿದ್ದರೆ ಇಳಕಲ್ಲಿನ ಕೆಂಪು ಗ್ರಾನೈಟನ್ನು ಲೆದರ್ ಫಿನಿಶ್‌ನಲ್ಲಿ ಕೇಳಿ. ಸ್ವಲ್ಪ ತರಿಯಾಗಿರುತ್ತದೆ, ಕಾಲು ಜಾರುವುದು ಕಡಿಮೆ. ಹೊರದೇಶದವರು ಹಡಗಿನಲ್ಲಿ ತರಿಸಿಕೊಳ್ಳುವ ಕಲ್ಲು ನಿಮಗೆ ಪಕ್ಕದ ಜಿಲ್ಲೆಯಲ್ಲೇ ಇದೆ. ಹಾಲ್‌ಗೆ ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ 3000ಕೆ ಅಂತ ಇದೆಯಾ ನೋಡಿ, ಅದು ಬೆಚ್ಚಗಿನ ಹಳದಿ ಛಾಯೆಯ ಬೆಳಕು. 6500ಕೆಯ ನೀಲಿ ಬಿಳುಪಿನ ಬೆಳಕು ಬಿದ್ದರೆ ಈ ಬಣ್ಣಗಳೆಲ್ಲ ಸತ್ತಂತೆ ಕಾಣುತ್ತವೆ.

ಬಾಗಲಕೋಟೆ ನವನಗರದಲ್ಲಿದ್ದೇವೆ. ಓಪನ್ ಕಿಚನ್ ಮಾಡಿಸುವ ಆಸೆ. ಆದರೆ ಅವ್ವ ದಿನಾ ಜೋಳದ ರೊಟ್ಟಿ ಬಡಿಯುತ್ತಾರೆ, ಬೇಡ ಅಂತಿದ್ದಾರೆ. ಏನು ಮಾಡಲಿ?

ಅವ್ವ ಹೇಳುವುದೇ ಸರಿ. ರೊಟ್ಟಿ ಬಡಿಯುವಾಗ ಎದ್ದ ಹಿಟ್ಟಿನ ಪುಡಿ ಸಂಜೆ ಸೋಫಾ ಮೇಲೆ, ಟಿವಿ ಮೇಲೆ ಕೂತಿರುತ್ತದೆ. ಒಣಮೆಣಸಿನ ಒಗ್ಗರಣೆಯ ಘಾಟಂತೂ ಕೇಳಲೇಬೇಡಿ. ಪೂರ್ತಿ ತೆರೆದ ಅಡುಗೆಮನೆಯಿಂದ ಹಿಂದೆ ಸರಿಯುವವರೂ ಈಗ ಜಾಸ್ತಿಯಾಗುತ್ತಿದ್ದಾರೆ. ನಡುವೆ ಗೀರುಗೀರಿನ ಫ್ಲೂಟೆಡ್ ಗ್ಲಾಸಿನ ಸ್ಲೈಡಿಂಗ್ ಬಾಗಿಲು ಹಾಕಿಸಿ. ಬೆಳಕು ಬರುತ್ತದೆ, ಪಾತ್ರೆ ರಾಶಿ ಕಾಣುವುದಿಲ್ಲ. ರೊಟ್ಟಿ ಹೊತ್ತಿನಲ್ಲಿ ಎಳೆದುಕೊಂಡರಾಯಿತು.

ಆದರೆ ನಾನು ಹೇಳಬೇಕಾದ್ದು ಕಟ್ಟೆಯ ಬಗ್ಗೆ. ಮಾಡ್ಯುಲರ್ ಕಿಚನ್‌ನವರು ಇಡೀ ಕಟ್ಟೆಯನ್ನು ಒಂದೇ ಎತ್ತರಕ್ಕೆ, ಸುಮಾರು 34 ಇಂಚಿಗೆ ಮಾಡುತ್ತಾರೆ. ತರಕಾರಿ ಹೆಚ್ಚಲು ಅದು ಸರಿ. ರೊಟ್ಟಿ ಬಡಿಯುವಾಗ ಮೈಭಾರ ಮೇಲಿನಿಂದ ಅಂಗೈಗೆ ಬರಬೇಕು. ಕಟ್ಟೆ ಎತ್ತರವಾದರೆ ಭುಜ ಮೇಲೆತ್ತಿಕೊಂಡೇ ಬಡಿಯಬೇಕಾಗುತ್ತದೆ. ಹತ್ತು ರೊಟ್ಟಿ ಆಗುವಷ್ಟರಲ್ಲಿ ಹೆಗಲು ನೋವು. ಅವ್ವನನ್ನು ಬರಿಗಾಲಲ್ಲಿ ನಿಲ್ಲಿಸಿ, ಮೊಣಕೈ ಮಡಚಿಸಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಲ್ಲಿ 7–8 ಇಂಚು ಕಳೆಯಿರಿ. ಐದಡಿ ಎತ್ತರದವರಿಗೆ ಹೆಚ್ಚುಕಡಿಮೆ 30 ಇಂಚು ಬರುತ್ತದೆ. ಎರಡೂವರೆ ಅಡಿ ಅಗಲದಷ್ಟು ಕಟ್ಟೆ ಮಾತ್ರ ಆ ಎತ್ತರಕ್ಕೆ ಇಳಿಯಲಿ, ಒಲೆಯ ಪಕ್ಕದಲ್ಲೇ ಇರಲಿ.

ಆ ತುಂಡಿನ ಕೆಳಗೆ ಪ್ಲೈವುಡ್ ಡಬ್ಬಿ ಬೇಡ. ದಿನಾ ಬಿದ್ದ ಪೆಟ್ಟಿಗೆ ಸ್ಕ್ರೂ ಸಡಿಲವಾಗಿ, ಡ್ರಾಯರ್ ಗಡಗಡ ಅನ್ನುತ್ತದೆ. ಎರಡೂ ಬದಿ ಇಟ್ಟಿಗೆ ಗೋಡೆ ಏರಿಸಿ ಮೇಲೆ ಗ್ರಾನೈಟ್ ಕೂರಿಸಲು ಗೌಂಡಿಗೆ ಹೇಳಿ. ನಡುವಿನ ಜಾಗದಲ್ಲಿ ಹಿಟ್ಟಿನ ಡಬ್ಬಿ ಇಡಬಹುದು. ಸಿಂಕ್ ಕೆಳಗಿನ ಪ್ಲೈವುಡ್ ಮೇಲೆ ಐಎಸ್ 710 ಮುದ್ರೆ (ನೀರು ತಡೆದುಕೊಳ್ಳುವ ಮರೀನ್ ಪ್ಲೈವುಡ್‌ನ ಗುರುತು) ಇದೆಯಾ ಅಂತ ನೀವೇ ಕಣ್ಣಾರೆ ನೋಡಿ.

ಬೆಳಗಾವಿಯಲ್ಲಿ ಅಜ್ಜನ ಕಾಲದ ಮಣ್ಣಿನ ಗೋಡೆಯ ಮನೆ. ಮಳೆಗಾಲದಲ್ಲಿ ಪಡಸಾಲೆ ಗೋಡೆ ತೇವವಾಗುತ್ತದೆ. ಮಾಡಗಳನ್ನು ಮುಚ್ಚಿ ಪಿವಿಸಿ ಪ್ಯಾನೆಲ್ ಹೊಡೆಸೋಣ ಅಂತಾನೆ ಮಗ.

ದಯವಿಟ್ಟು ಮಾಡ ಮುಚ್ಚಬೇಡಿ. ಹೊಸ ಫ್ಲ್ಯಾಟ್‌ಗಳಲ್ಲಿ ಜಿಪ್ಸಂ ಬೋರ್ಡ್ ಕೂರಿಸಿ, ಕಮಾನಿನ ಗೂಡು ಮಾಡಿ, ಒಳಗೊಂದು ಲೈಟ್ ಇಟ್ಟು ಖುಷಿಪಡುತ್ತಾರೆ. ನಿಮ್ಮಲ್ಲಿ ಅಜ್ಜ ದೀಪ ಇಟ್ಟ ನಿಜವಾದ ಮಾಡವೇ ಇದೆ.

ಪ್ಯಾನೆಲ್ ತೇವವನ್ನು ಕಣ್ಣಿನಿಂದ ಮರೆಮಾಡುತ್ತದೆ, ಅಷ್ಟೇ. ಇಂಥದ್ದೇ ಒಂದು ಮನೆಯಲ್ಲಿ ಎರಡು ಮಳೆಗಾಲ ಕಳೆದ ಪ್ಯಾನೆಲ್ ಬಿಚ್ಚಿಸಿದ್ದೆ. ಹಿಂದೆ ಗೋಡೆ ತುಂಬಾ ಕಪ್ಪು ಬೂಷ್ಟು. ಬೆರಳಿಟ್ಟರೆ ಗಿಲಾವು ಹಿಟ್ಟಿನಂತೆ ಉದುರಿತು. ಆ ಕೋಣೆಯಲ್ಲಿ ಮಗು ಮಲಗುತ್ತಿತ್ತು.

ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಮಾಳಿಗೆಯ ಅಂಚು, ಹೊರಗಿನ ಚರಂಡಿ ಎರಡನ್ನೂ ಮಳೆಗೆ ಮುಂಚೆ ರಿಪೇರಿ ಮಾಡಿಸಿ. ಗೋಡೆ ಪೂರ್ತಿ ಒಣಗಲಿ. ಸಿಮೆಂಟ್ ಗಿಲಾವು ಬೇಡ, ಮಣ್ಣಿನ ಗೋಡೆಯ ತೇವ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಸುಣ್ಣದ ಗಿಲಾವು ಮಾಡಿಸಿ. ಮೇಲೆ ಸುಣ್ಣವನ್ನೇ ಬಳಿಯಿರಿ. ಲೈಮ್ ವಾಶ್ ಅನ್ನುವ ಹೆಸರಲ್ಲಿ ಈಗ ದೊಡ್ಡ ಊರುಗಳಲ್ಲಿ ಓಡುತ್ತಿರುವುದು ಅದೇ ಸುಣ್ಣ! ಹಳೇ ಪೇಂಟ್ ಉಳಿದಿದ್ದರೆ ಪೂರ್ತಿ ಕೆರೆಸಬೇಕು, ಇಲ್ಲದಿದ್ದರೆ ಸುಣ್ಣ ಹಿಡಿಯುವುದಿಲ್ಲ. ಒಂದೇ ಸಲ ದಪ್ಪಗೆ ಬಳಿಯಬೇಡಿ. ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಮೂರು ಕೋಟ್ ಕೊಡಿ, ಒಂದು ಒಣಗಿದ ಮೇಲೆ ಇನ್ನೊಂದು.