ನಾದಿನಿ ತವರಿಗೆ ಬಂದಾಳ, ನಾ ಯಾವಾಗ ಹೋಗಲಿ?

ಪ್ರಶ್ನೆ: ಅಕ್ಕಾವ್ರ, ನಮ್ಮದು ವಿಜಯಪುರ. ಮದುವೆಯಾಗಿ ಹನ್ನೆರಡು ವರ್ಷ. ಅತ್ತೆ, ಮಾವ, ಇಬ್ಬರು ಮಕ್ಕಳು. ಮನೆಯವರಿಗೆ ಸರ್ಕಾರಿ ನೌಕರಿ. ಬೇಸಿಗೆ ರಜೆ ಬಿಟ್ಟ ಮರುದಿನವೇ ಹುಬ್ಬಳ್ಳಿಯಿಂದ ನಾದಿನಿ ಎರಡು ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ, ಶಾಲೆ ಶುರುವಾಗುವವರೆಗೂ ಇರುತ್ತಾಳೆ. ಅವಳು ಕೆಟ್ಟವಳಲ್ಲ. ಆದರೆ ಅವಳಿರುವಾಗ ನಾನು ತವರಿಗೆ ಹೋಗುವಂತಿಲ್ಲ, ಅವಳು ಹೋದ ಮೇಲೆ ನನ್ನ ಮಕ್ಕಳ ರಜೆಯೂ ಮುಗಿದಿರುತ್ತದೆ. ನನ್ನ ತವರು ಗುಳೇದಗುಡ್ಡ. ಅಪ್ಪ ಖಣ ನೇಯುತ್ತಿದ್ದರು. ಕಳೆದ ದಸರೆಯ ಮುಂದೆ ತೀರಿಕೊಂಡರು. ಅವ್ವ ಒಬ್ಬಳೇ ಇದ್ದಾಳೆ, ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿ ಅದರ ಪಕ್ಕದಲ್ಲೇ ಮಲಗುತ್ತಾಳೆ.

ಈ ವಾರದ ಮಾತು ಕೇಳಿರಿ. ಸೋಮವಾರ ಶ್ಯಾವಿಗೆ ಮಾಡಿದೆವು. ಬುಧವಾರ ಮಸಾಲೆ ಖಾರ ಕುಟ್ಟಿಸಿದ್ದಾಯಿತು. ಶುಕ್ರವಾರ ಹೋಳಿಗೆ, ಸೀಕರಣೆ. ದಿನಕ್ಕೆ ನಲವತ್ತು ರೊಟ್ಟಿ ಬಡಿಯುತ್ತೇನೆ, ಒಲೆ ಮುಂದೆ ಎರಡು ಸಲ ತಲೆ ಸುತ್ತಿ ಗೋಡೆ ಹಿಡಿದೆ. ಶನಿವಾರ ಅವ್ವನ ಫೋನ್ ಬಂತು: ‘ಕುರಡಗಿ ಸಂಡಿಗಿಗೆ ಗೋದಿ ನೆನಿ ಹಾಕೀನಿ, ಯಾವಾಗ ಬರ್ತಿಯವ್ವಾ?’ ‘ನೋಡ್ತೀನಿ’ ಅಂದೆ. ಫೋನ್ ಇಡುವುದರೊಳಗೆ ನಾದಿನಿಯ ಸಣ್ಣ ಮಗ ಹೊರಸಿನ ಮೇಲೆ ಒಣಹಾಕಿದ್ದ ಶ್ಯಾವಿಗೆಯನ್ನು ಕೆಡವಿದ. ಹೊಡೆದುಬಿಟ್ಟೆ. ಕೂಸಿನ ಬೆನ್ನ ಮೇಲೆ ಬೆರಳು ಮೂಡಿದ್ದವು. ಆಗಿನಿಂದ ನಾದಿನಿ ಮಾತಾಡುತ್ತಿಲ್ಲ. ‘ವರ್ಷಕ್ಕೊಮ್ಮೆ ಬರಾಕಿ, ಅಷ್ಟೂ ತಡಕೊಳ್ಳಾಕ ಆಗೂದಿಲ್ಲೇನು’ ಅಂತಾರೆ ಮನೆಯವರು. ಹೇಳದೆ ಕೇಳದೆ ಮಕ್ಕಳನ್ನು ಕರೆದುಕೊಂಡು ಬಸ್ ಹತ್ತಲೇ, ಇಲ್ಲ ಬಾಯಿ ಮುಚ್ಚಿಕೊಂಡು ಇರಲೇ? ನಾನೇ ಕೆಟ್ಟವಳಾಗಿಬಿಟ್ಟೆನೇ?

ಉತ್ತರ: ಅಕ್ಕಾ ಅಂತ ಕರೆದಿದ್ದೀಯ, ನಾನೂ ತಂಗಿ ಅಂತಲೇ ಬರೆಯುತ್ತೇನೆ.

ಮೊದಲು ಆ ಹುಡುಗನ ಮಾತು. ಇದನ್ನು ಓದಿ ಮುಗಿಸಿದ ಕೂಡಲೇ ಅವನನ್ನು ಹತ್ತಿರ ಕರೆದು ಕೂರಿಸಿಕೊ. ‘ನಿಂದೇನೂ ತಪ್ಪಿಲ್ಲಪಾ, ನನಗ ಬ್ಯಾರೆ ಸಿಟ್ಟಿತ್ತು, ನಿನ್ನ ಮ್ಯಾಲೆ ತೀರಿಸಿಕೊಂಡೆ’ ಅಂತ ಅವನಿಗೆ ತಿಳಿಯುವ ಹಾಗೆ ಹೇಳು. ಅವನ ತಾಯಿ ಕೇಳಲಿ ಅಂತ ಜೋರಾಗಿ ಹೇಳಬೇಡ. ಅವಳಿಗೆ ಹೇಳುವುದು ಬೇರೆಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಹೊಡೆದದ್ದು ತಪ್ಪು. ಆ ತಪ್ಪಿನಿಂದ ನೀನು ಕೆಟ್ಟವಳಾಗಲಿಲ್ಲ. ಆದರೆ ಅದನ್ನು ಹಾಗೇ ಬಿಟ್ಟರೆ ಮುಂದೆ ನೀನು ಏನು ಕೇಳಿದರೂ ಮನೆಯಲ್ಲಿ ಆ ಬೆರಳಿನ ಗುರುತೇ ಮುಂದೆ ಬಂದು ನಿಲ್ಲುತ್ತದೆ.

ಇನ್ನು ತಲೆ ಸುತ್ತಿದ್ದು. ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ, ನಾನು ಹೋಗುವುದಿಲ್ಲ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಒಳಗೆ ಹಂಚಿನ ಝಳ, ಬೆನ್ನಿಗೆ ಅಂಟಿದ ಕುಬಸ, ಗಾಳಿಯಾಡದ ಅಡುಗೆಮನೆ. ಬೆವರಿನಲ್ಲಿ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ಎಲ್ಲರ ಊಟವಾದ ಮೇಲೆ ಮೂರು ಗಂಟೆಗೆ ತಟ್ಟೆ ಮುಂದೆ ಕೂರುವ ಹೆಂಗಸಿಗೆ ತಲೆ ಸುತ್ತದೆ ಇನ್ನೇನಾದೀತು? ರೊಟ್ಟಿ ಬಡಿಯುವುದನ್ನು ಬಿಸಿಲೇರುವ ಮುಂಚೆ ಮುಗಿಸು. ಉಪ್ಪು ಹಾಕಿದ ಮಜ್ಜಿಗೆಯನ್ನು ಹರವಿಯ ಪಕ್ಕದಲ್ಲೇ ಇಟ್ಟುಕೊ, ನೀರಡಿಕೆ ಆಗುವವರೆಗೂ ಕಾಯದೆ ಕುಡಿ. ನಲವತ್ತರಲ್ಲಿ ಅರ್ಧ ರೊಟ್ಟಿಯನ್ನು ಹೊರಗಿನಿಂದ ತರಿಸು. ನಿಮ್ಮೂರಲ್ಲಿ ಖಡಕ್ ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ಓಣಿಗೊಬ್ಬರು ಸಿಗುತ್ತಾರೆ. ವಾರಗಟ್ಟಲೆ ಕೆಡದ ರೊಟ್ಟಿ ಅದು. ಮನೆಯ ಸೊಸೆ ಇದ್ದೂ ರೊಟ್ಟಿ ಕೊಂಡು ತರುವುದೇ ಎಂದು ಅತ್ತೆ ಅಂದರೆ, ಗೋಡೆ ಹಿಡಿದ ಸುದ್ದಿಯನ್ನು ಅವರಿಗೆ ಹೇಳು. ನೀನು ಹೇಳಿಲ್ಲ ಅಂತ ನನಗೆ ಗೊತ್ತು. ಹೇಳಿದ್ದರೆ ಅವರು ಏನಂದರು ಅಂತ ಪತ್ರದಲ್ಲಿ ಇರುತ್ತಿತ್ತು. ಇನ್ನೊಮ್ಮೆ ತಲೆ ಸುತ್ತಿದರೆ ಡಾಕ್ಟರ ಹತ್ತಿರ ಹೋಗು, ರಕ್ತ ಕಡಿಮೆಯಾಗಿದೆಯೇ ಎಂದೂ ನೋಡಿಸು.

ನಿನ್ನ ಮನೆಯವರ ವಿಷಯ. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗಕ್ಕೂ ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಸರ್ಕಾರ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಈ ಬಿಸಿಲಲ್ಲಿ ಮನುಷ್ಯ ಸಂಜೆವರೆಗೆ ದುಡಿಯಲಾರ ಅಂತ ಮಾಡಿದ ಆದೇಶ ಅದು, ಸರಿಯಾದದ್ದೇ. ಆದರೆ ಆ ಆದೇಶ ನಿನ್ನ ಮನೆಗೆ ಹೇಗೆ ಬಂದು ಮುಟ್ಟಿತು ನೋಡು. ಅವರು ಎಂಟಕ್ಕೆ ಕುರ್ಚಿಯಲ್ಲಿರಬೇಕಾದರೆ ಏಳೂಕಾಲಕ್ಕೆ ನಾಷ್ಟಾ ಆಗಬೇಕು, ಅದಕ್ಕೆ ನೀನು ನಾಲ್ಕೂವರೆಗೆ ಏಳಬೇಕು. ಅವರು ಎರಡಕ್ಕೆ ಬಂದು ಉಂಡು ಕೂಲರ್ ಮುಂದೆ ಮಲಗಿದರೆ ಸಂಜೆ ಚಹಾದ ಹೊತ್ತಿಗೆ ಏಳುತ್ತಾರೆ. ಅವರ ದಿನ ಮೊಟಕಾಯಿತು, ನಿನ್ನದು ಉದ್ದವಾಯಿತು. ಇದನ್ನು ಜಗಳದ ದನಿಯಲ್ಲಿ ಹೇಳದೆ, ಲೆಕ್ಕ ಹೇಳಿದ ಹಾಗೆ ಒಮ್ಮೆ ಹೇಳಿ ನೋಡು. ‘ಸ್ವಲ್ಪ ಕೈ ಹಚ್ಚರಿ’ ಅಂದರೆ ಗಂಡಸರಿಗೆ ಏನು ಹಚ್ಚಬೇಕೋ ತಿಳಿಯುವುದಿಲ್ಲ. ನಳ ಬಂದ ದಿನ ನೀರು ತುಂಬುವುದು ಅವರದು. ಸಂಜೆ ಐದರಿಂದ ನಾಲ್ಕೂ ಮಕ್ಕಳು ಅವರ ಪಾಲಿಗೆ, ಬೇಕಾದರೆ ಗೋಳಗುಮ್ಮಟದ ಅಂಗಳಕ್ಕೆ ಕರೆದುಕೊಂಡು ಹೋಗಲಿ. ಹೀಗೆ ಹೆಸರು ಹಿಡಿದು ಹೇಳು.

ಈಗ ನಾದಿನಿಯ ಮಾತು. ಇದನ್ನು ಬರೆಯುವಾಗ ನನಗೆ ಕೈ ಹಗುರ ಇಲ್ಲ. ಯಾಕೆಂದರೆ ನಾನೂ ಹಾಗೆ ಬೇಸಿಗೆಗೆ ತವರಿಗೆ ಹೋಗಿ ಕೂತ ನಾದಿನಿಯೇ.

ನನ್ನ ತವರು ಹಳೇ ಬಾಗಲಕೋಟೆ. ರಜೆ ಬಿಟ್ಟಿತೆಂದರೆ ಮಕ್ಕಳ ಸಂಗಡ ಹೋಗಿಬಿಡುತ್ತಿದ್ದೆ. ಅವ್ವನ ಕೈಯ ಊಟ ಅನ್ನುತ್ತಿದ್ದೆ, ಆದರೆ ಅಡುಗೆ ಮಾಡುತ್ತಿದ್ದದ್ದು ವೈನಿ, ನನ್ನ ಅಣ್ಣನ ಹೆಂಡತಿ. ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಅವ್ವನ ಜೋಡಿ ಮಾತಾಡುತ್ತಾ ಮಲಗಿದರೆ ಒಳಗೆ ಪಾತ್ರೆ ತೊಳೆಯುವ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ನನಗೆ ನಿದ್ದೆ ತರುತ್ತಿತ್ತು, ತಂಗಿ. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಹೋಗುತ್ತದೆ ಅಂತಾಗಿ ನವನಗರಕ್ಕೆ ಸಾಮಾನು ಸಾಗಿಸುವಾಗ ನಾನೂ ಹೋಗಿದ್ದೆ. ಅಟ್ಟದ ಮೇಲಿನಿಂದ ಒಂದು ಚೀಲ ಇಳಿಸಿದೆವು. ಬಿಚ್ಚಿದರೆ ಮಡಿಕೆ ಬಿಚ್ಚದ ಎರಡು ಇಳಕಲ್ ಸೀರೆ, ನುಸಿ ಗುಳಿಗೆಯ ವಾಸನೆ, ಒಂದು ಹೊಸ ಫ್ರಾಕು. ನನ್ನ ಅಣ್ಣನ ಮಗಳು ಅಷ್ಟೊತ್ತಿಗೆ ಹೈಸ್ಕೂಲಿಗೆ ಹೋಗುತ್ತಿದ್ದಳು, ಫ್ರಾಕು ಐದು ವರ್ಷದ ಹುಡುಗಿಯದು. ‘ಇದೇನ ವೈನಿ?’ ಅಂದೆ. ‘ನನ್ನ ಊರ ಚೀಲ’ ಅಂದರು. ‘ಯುಗಾದಿ ಮುಗದ ಮ್ಯಾಲೆ ತುಂಬಿ ಇಡ್ತಿದ್ದೆ.’ ಅವರ ತವರು ಮುದ್ದೇಬಿಹಾಳದ ಕಡೆ, ಅರ್ಧ ದಿನದ ಹಾದಿಯೂ ಅಲ್ಲ. ‘ಹೇಳಬಾರದಾಗಿತ್ತೇನ?’ ಅಂದೆ. ‘ನೀವು ಬಂದಿರ್ತಿದ್ರಲ್ಲ’ ಅಂದು ಚೀಲದ ಬಾಯಿ ಕಟ್ಟಿದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅದಕ್ಕೇ ಹೇಳುತ್ತೇನೆ, ನಿನ್ನ ನಾದಿನಿಗೆ ಇದು ಗೊತ್ತೇ ಇಲ್ಲದಿರಬಹುದು. ತವರಿನ ಹೊಸಿಲು ದಾಟಿದ ಕೂಡಲೇ ಹೆಣ್ಣುಮಕ್ಕಳು ಮತ್ತೆ ಮನೆಮಗಳಾಗಿಬಿಡುತ್ತಾರೆ. ಆ ಮನೆಯ ಸೊಸೆ ಇನ್ನೊಂದು ಮನೆಯ ಮಗಳು ಅನ್ನುವುದು ಅಲ್ಲಿದ್ದಷ್ಟು ದಿನ ನೆನಪಾಗುವುದಿಲ್ಲ. ಹುಬ್ಬಳ್ಳಿಯಲ್ಲಿ ಅವಳೂ ಸೊಸೆ. ಇಲ್ಲಿಗೆ ಬರಲು ಅವಳೂ ಅಲ್ಲಿ ಯಾರನ್ನೋ ಕೇಳಿ, ಕಾಯ್ದು ಬಂದಿರುತ್ತಾಳೆ. ಹಾಗಾಗಿ ಈ ಮಾತನ್ನು ಅತ್ತೆಯ ಮೂಲಕವೂ ಬೇಡ, ಗಂಡನ ಮೂಲಕವೂ ಬೇಡ. ನೇರ ಅವಳ ಮುಂದೆ ಹೇಳು. ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಸುವಾಗ ಇಬ್ಬರೇ ಸಿಗುತ್ತೀರಿ, ಆಗ ಹೇಳು. ಹುಡುಗನಿಗೆ ಹೊಡೆದದ್ದರಿಂದಲೇ ಶುರುಮಾಡು: ‘ಅವತ್ತ ನಮ್ಮವ್ವನ ಫೋನ್ ಬಂದಿತ್ತು. ಅಪ್ಪ ಹೋದ ಮ್ಯಾಲೆ ಇದು ಮೊದಲನೇ ಬ್ಯಾಸಗಿ. ಒಬ್ಬಾಕಿನ ಅದಾಳ. ನಾ ಹತ್ತು ದಿನ ಹೋಗಿ ಬರಬೇಕು. ನೀ ಇಲ್ಲಿ ಅತ್ತಿಯವರ ಜೋಡಿ ಇದ್ರ ನನಗ ಧೈರ್ಯ.’ ಅವಳು ಮನಸ್ಸು ಮಾಡಿದರೆ ನಿನ್ನ ಅತ್ತೆಯ ಮುಂದೆ ಈ ಮಾತನ್ನು ಅವಳೇ ಎತ್ತುತ್ತಾಳೆ. ಮಗಳು ಕೇಳಿದರೆ ತಾಯಿ ಇಲ್ಲ ಅನ್ನುವುದು ಕಷ್ಟ.

ಅವಳು ಒಪ್ಪದಿದ್ದರೆ? ಆಗಲೂ ಹೋಗು. ಇದರಲ್ಲಿ ನನಗೆ ಎರಡು ಮಾತಿಲ್ಲ. ರಜೆ ಹತ್ತಿರ ಏಳು ವಾರ ಇರುತ್ತದೆ, ನೀನು ಕೇಳುತ್ತಿರುವುದು ಹತ್ತು ದಿನ. ನೀನು ಈವರೆಗೆ ‘ಹೋಗಲೇನು?’ ಅಂತ ಕೇಳಿದ್ದೀಯ, ಕೇಳಿದವರಿಗೆ ‘ನೋಡೋಣ’ ಅನ್ನುವುದು ಸುಲಭ. ಈ ಸಲ ತಾರೀಖು ಇಟ್ಟು ಹೇಳು: ‘ಬುಧವಾರ ಮುಂಜಾನೆ ಹೋಗ್ತೀನಿ, ಮುಂದಿನ ಶನಿವಾರ ಬರ್ತೀನಿ.’ ಮನೆಗೆ ಬಂದ ಮಗಳನ್ನು ಬಿಟ್ಟು ಸೊಸೆ ಹೋದರೆ ಜನ ಏನೆಂದಾರು ಅಂತ ಅತ್ತೆ ಅನ್ನಬಹುದು. ಅವರ ಮೊಣಕಾಲ ಬಳಿ ಕೂತು, ಅವರು ತಮ್ಮ ತವರಿಗೆ ಕೊನೆಗೆ ಯಾವಾಗ ಹೋಗಿದ್ದರು ಅಂತ ಕೇಳು. ಚುಚ್ಚಬೇಕೆಂದಲ್ಲ, ನಿಜವಾಗಿಯೂ ಕೇಳು. ನಮ್ಮ ಕಡೆಯ ಮುದುಕಿಯರಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲದವರಿಲ್ಲ, ಆದರೆ ಯಾರೂ ಅವರನ್ನು ಕೇಳಿರುವುದಿಲ್ಲ.

ಹೇಳದೆ ಬಸ್ ಹತ್ತುವ ಯೋಚನೆ ಬಿಡು. ಗುಳೇದಗುಡ್ಡದಲ್ಲಿ ಇಳಿದ ಕೂಡಲೇ ನಿನ್ನ ಮುಖ ನೋಡಿ ಅವ್ವನಿಗೆ ತಿಳಿಯುತ್ತದೆ. ಆಮೇಲೆ ಅವಳ ಜೀವಕ್ಕೆ ಸಮಾಧಾನ ಇರುವುದಿಲ್ಲ, ಮರುದಿನ ಅವಳೇ ನಿನ್ನನ್ನು ವಾಪಸು ಕಳಿಸುತ್ತಾಳೆ. ಇನ್ನು ಸುಮ್ಮನಿರುವುದು ಏನಾಗುತ್ತದೆ ಎನ್ನುವುದನ್ನು ಆ ಹುಡುಗನ ಬೆನ್ನಿನ ಮೇಲೆ ನೀನೇ ನೋಡಿದ್ದೀಯ.

ಹೋಗಿಬರುವ ಖರ್ಚಿನ ಮಾತು ಯಾರಾದರೂ ತೆಗೆದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ದುಡ್ಡಿಲ್ಲ. ಬಾಗಲಕೋಟೆಗೆ ಒಂದು ಬಸ್, ಅಲ್ಲಿಂದ ಗುಳೇದಗುಡ್ಡಕ್ಕೆ ಇನ್ನೊಂದು. ಕೊಲ್ಹಾರದಲ್ಲಿ ಗಡಿಗೆ ಮೊಸರು ತೆಗೆದುಕೊ, ಮಧ್ಯಾಹ್ನದ ಊಟಕ್ಕೆ ಆಗುತ್ತದೆ. ಮುಂದಿನ ವರ್ಷ ಮಾತ್ರ ಇಷ್ಟು ತಡ ಮಾಡಬೇಡ. ಯುಗಾದಿಯ ದಿನ ಎಲ್ಲರೂ ಬೇವು ಕುಡಿಯಲು ಕೂತಾಗಲೇ ರಜೆಯಲ್ಲಿ ಯಾರು ಯಾವಾಗ ಎಲ್ಲಿಗೆ ಎಂದು ಕ್ಯಾಲೆಂಡರಿನ ಮೇಲೆ ಬರೆಸು. ನಾದಿನಿಗೂ ಅಂದೇ ಫೋನ್ ಹಚ್ಚು. ಆ ಅಟ್ಟದ ಚೀಲ ನೋಡಿದ ಮೇಲೆ ನಾನು ಮಾಡಿದ್ದು ಇದೇ, ವೈನಿ ಯಾವಾಗ ಹೋಗುತ್ತಾರೆ ಎಂದು ಕೇಳಿಯೇ ನನ್ನ ದಿನ ಗೊತ್ತುಮಾಡುತ್ತಿದ್ದೆ. ಅವರು ಹೊರಟಾಗ ರೊಟ್ಟಿ ನಾನು ಬಡಿದೆ. ಮೊದಮೊದಲು ತವರಿನಲ್ಲಿ ಅದು ಕಸಿವಿಸಿ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಕಡೆಗೆ ನಿನ್ನ ಅವ್ವನ ಗೋದಿಯ ಮಾತು. ನಿನ್ನ ಪತ್ರ ಓದಿದಾಗಿನಿಂದ ಅದೇ ಕಣ್ಣ ಮುಂದಿದೆ. ಕುರಡಗಿ ಒಬ್ಬರ ಕೈಯ ಕೆಲಸ ಅಲ್ಲ. ಗೋದಿ ಮೂರು ದಿನ ನೆನೆಯಬೇಕು, ದಿನಾ ನೀರು ಬದಲಿಸಬೇಕು. ಆಮೇಲೆ ರುಬ್ಬಿ ಹಿಂಡಿ ಹಾಲು ತೆಗೆದು, ರಾತ್ರಿಯೆಲ್ಲಾ ಬಿಟ್ಟು, ಮೇಲಿನ ತಿಳಿ ಚೆಲ್ಲಿ, ಬೆಳಗಿನ ಜಾವ ಒಲೆಗೆ ಇಡಬೇಕು. ಕುದಿಯುವ ಹಿಟ್ಟನ್ನು ಒಬ್ಬರು ಕೈ ಬಿಡದೆ ತಿರುವುತ್ತಿರಬೇಕು, ಆರುವುದರೊಳಗೆ ಇನ್ನೊಬ್ಬರು ಬಿಸಿಲಲ್ಲಿ ಕೂತು ಒತ್ತಬೇಕು. ಒಬ್ಬಳೇ ಇರುವ ಹೆಂಗಸು ತನಗೆಂದು ಕುರಡಗಿ ಹಾಕುವುದಿಲ್ಲ, ತಂಗಿ. ಅವಳು ನಿನ್ನನ್ನು ಬಾ ಅಂತ ಬಾಯಿ ಬಿಟ್ಟು ಕರೆಯಲಾರದೆ ಗೋದಿ ನೆನೆಹಾಕಿದ್ದಾಳೆ.

ಆ ಗೋದಿಯ ಕತೆ ಇಷ್ಟೊತ್ತಿಗೆ ಮುಗಿದಿರುತ್ತದೆ. ಹುಳಿ ಬಂದು ಚೆಲ್ಲಿದಳೋ, ಪಕ್ಕದ ಮನೆಯವರನ್ನು ಕರೆದು ಹೇಗೋ ಒತ್ತಿದಳೋ. ನೀನು ಮನೆಯಲ್ಲಿ ಮಾತಾಡಿ ದಿನ ಗೊತ್ತುಮಾಡಿಕೊಂಡ ಕೂಡಲೇ ಅವಳಿಗೆ ಫೋನ್ ಮಾಡು. ಈ ಸಲ ‘ನೋಡ್ತೀನಿ’ ಅನ್ನಬೇಡ. ಬುಧವಾರ ಹೋಗುವುದಾದರೆ, ಭಾನುವಾರ ಗೋದಿ ನೆನೆಹಾಕಲು ಹೇಳು.