ನನಗೊಬ್ಬಳಿಗೇ ಬಾಳೆ ಎಲೆ

ಪ್ರಶ್ನೆ: ಅಕ್ಕಾ, ನಾನು ಅಂಕೋಲಾ ಕಡೆಯವಳು, ವಯಸ್ಸು 38. ಗಂಡ ಬೋಟಿನ ಕೆಲಸಕ್ಕೆ ಹೋಗುತ್ತಿದ್ದರು, ಟಿಬಿ ಆಗಿ ತೀರಿಕೊಂಡರು. ಆಮೇಲೆ ಪರೀಕ್ಷೆ ಮಾಡಿಸಿದಾಗ ನನಗೂ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಈಗ ಅಣ್ಣನ ಮನೆಯಲ್ಲಿದ್ದೇನೆ, ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತೇನೆ. ಆರು ವರ್ಷದಿಂದ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಇಲ್ಲಿ ಯಾರಾದರೂ ನೋಡಿಯಾರು ಎಂದು ಘಟ್ಟ ಹತ್ತಿ ಹುಬ್ಬಳ್ಳಿಯಿಂದ ತರುತ್ತೇನೆ. ಡಬ್ಬಿ ಬಿಸಾಡಿ, ಮಾತ್ರೆ ಪೇಪರಿನಲ್ಲಿ ಕಟ್ಟಿ ಅಕ್ಕಿ ಡಬ್ಬದಲ್ಲಿ ಇಡುತ್ತೇನೆ. ಕಳೆದ ತಿಂಗಳು ಅತ್ತಿಗೆಗೆ ಗೊತ್ತಾಯಿತು. ರಕ್ತ ಪರೀಕ್ಷೆ ಮಾಡುವ ಕಡೆ ಕೆಲಸಕ್ಕಿರುವವರೊಬ್ಬರು ಬಾಯಿಬಿಟ್ಟರಂತೆ. ಅವತ್ತಿನಿಂದ ಮನೆಯವರಿಗೆಲ್ಲ ಸ್ಟೀಲ್ ತಾಟು, ನನಗೊಬ್ಬಳಿಗೇ ಬಾಳೆ ಎಲೆ. ಮೀನು ಕೊಯ್ಯಲು ಬಿಡುವುದಿಲ್ಲ. ಅಣ್ಣನ ಮಗು ತೊಡೆ ಮೇಲೆ ಕೂತರೆ ಎಳೆದುಕೊಂಡು ಹೋಗುತ್ತಾರೆ. ಫ್ಯಾಕ್ಟರಿಯಲ್ಲಿ ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡಲಾ? ರಿಪೋರ್ಟಿನಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಎಂದಿದೆ, ಕಾಯಿಲೆ ಹೋಯಿತಾ?
– ಹೆಸರು ಬೇಡ

ಉತ್ತರ: ತಂಗೀ, ನಮ್ಮ ಕಡೆ ಎಲೆ ಹಾಕುವುದು ನೆಂಟರು ಬಂದಾಗ, ಹಬ್ಬ ಬಂದಾಗ. ಊಟವಾದ ಮೇಲೆ ತೊಳೆಯುವ ಗೋಜಿಲ್ಲದೆ ಎಸೆಯಬಹುದು ಎಂದು ಮನೆ ಮಗಳಿಗೇ ಎಲೆ ಹಾಕಿದ್ದನ್ನು ಓದಿ ನನಗೆ ಸಿಟ್ಟೇ ಬಂತು. ಇರಲಿ, ಮೊದಲು ರಿಪೋರ್ಟಿನ ವಿಷಯ.

ಕಾಯಿಲೆ ಹೋಗಿಲ್ಲ. ನಿಮ್ಮ ರಕ್ತದಲ್ಲಿ ವೈರಸ್ ಎಷ್ಟು ಕಡಿಮೆಯಾಗಿದೆ ಎಂದರೆ ಪರೀಕ್ಷೆ ಮಾಡುವ ಯಂತ್ರಕ್ಕೂ ಸಿಗುತ್ತಿಲ್ಲ, ಅಷ್ಟೇ. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ, ಹಾಗಾಗಿ ಬಿಡಬೇಡಿ. ಆದರೆ ಮಾತ್ರೆ ನುಂಗುತ್ತಾ ವೈರಸ್ ಹೀಗೇ ತಳದಲ್ಲಿದ್ದರೆ ಲೈಂಗಿಕ ಸಂಪರ್ಕದಿಂದಲೂ ಅದು ಇನ್ನೊಬ್ಬರಿಗೆ ದಾಟುವುದಿಲ್ಲ. ಸಾವಿರಕ್ಕೂ ಜಾಸ್ತಿ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಹೀಗೆ ಸಂಗಾತಿಯಿಂದ ದಾಟಿದ್ದು ಒಂದೂ ಸಿಕ್ಕಿಲ್ಲ. ಇನ್ನು ತಾಟು, ಲೋಟ, ಬಾವಿಯ ಹಗ್ಗ, ಸೊಳ್ಳೆ, ಮಗುವಿಗೆ ಕೊಡುವ ಮುತ್ತು, ಇವುಗಳಿಂದ ಎಚ್‌ಐವಿ ಯಾವ ಕಾಲದಲ್ಲೂ ಹರಡಿದ್ದಿಲ್ಲ, ಮಾತ್ರೆ ಇಲ್ಲದಿದ್ದ ಕಾಲದಲ್ಲೂ. ಬಂಗಡೆ ಕೊಯ್ಯುವಾಗ ಬೆರಳು ಕೊಯ್ದುಕೊಂಡರೆ ತೊಳೆದು ಪಟ್ಟಿ ಹಾಕಿಕೊಳ್ಳಿ, ಅದು ಅತ್ತಿಗೆಗೂ ಒಂದೇ ನಿಮಗೂ ಒಂದೇ.

ಅತ್ತಿಗೆಗೆ ಮಗುವಿನ ಹೆದರಿಕೆ ಇರಬಹುದು. ನೀವು ಎಷ್ಟು ಹೇಳಿದರೂ ‘ಇವಳು ಹೇಳದೇ ಇನ್ನೇನು’ ಅನ್ನುತ್ತಾರೆ ಅಲ್ವಾ? ಅದಕ್ಕೆ ಮುಂದಿನ ಸಲ ಮಾತ್ರೆಗೆ ಹೋಗುವಾಗ ಅಣ್ಣನನ್ನು ಕರೆದುಕೊಂಡು ಹೋಗಿ. ಎಆರ್‌ಟಿ ಕೇಂದ್ರದಲ್ಲಿ, ಅಂದರೆ ನೀವು ಮಾತ್ರೆ ತರುವ ಕಡೆ, ಆಪ್ತ ಸಮಾಲೋಚಕರು ಇರುತ್ತಾರೆ, ಮನೆಯವರಿಗೆ ತಿಳಿಸಿ ಹೇಳುವುದೂ ಅವರ ಕೆಲಸ. ಅಣ್ಣ ಒಂದು ಸಲ ಕೇಳಿಸಿಕೊಂಡು ಬಂದು, ನಿಮ್ಮ ಪಕ್ಕ ಕೂತು, ಎಲೆ ಪಕ್ಕಕ್ಕಿಟ್ಟು ನಿಮಗೂ ತಾಟು ಇಡಲಿ. ಆಮೇಲೂ ಎಲೆಯೇ ಬಂದರೆ ಅದನ್ನು ಹೆದರಿಕೆ ಎಂದು ನಾನಂತೂ ಒಪ್ಪುವುದಿಲ್ಲ.

ಕಾನೂನೂ ನಿಮ್ಮ ಕಡೆಗಿದೆ. ಎಚ್‌ಐವಿ/ಏಡ್ಸ್ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ವಾಸವಿರುವ ಮನೆಯಿಂದ ಹೊರಹಾಕುವಂತಿಲ್ಲ, ಮನೆಯ ಯಾವ ಭಾಗಕ್ಕೂ ಬರಬೇಡ ಅನ್ನುವಂತಿಲ್ಲ, ಮನೆಯ ಸೌಕರ್ಯ ಬಳಸುವುದರಲ್ಲಿ ಭೇದ ಮಾಡುವಂತಿಲ್ಲ ಎಂದು ಅದರಲ್ಲೇ ಇದೆ. ಅಡುಗೆಮನೆಯೂ ಬಂತು ತಾನೆ? ನಿಮ್ಮ ವಿಷಯ ಹೊರಗೆ ಬಿಟ್ಟವರದ್ದು ಇನ್ನೂ ದೊಡ್ಡ ತಪ್ಪು. ಒಪ್ಪಿಗೆ ಇಲ್ಲದೆ ಹೇಳುವ ಹಕ್ಕು ಅವರಿಗಿಲ್ಲ. ಈ ಕಾಯ್ದೆಯಡಿ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಆದರೆ ಮೂರು ತಿಂಗಳೊಳಗೆ ಕೊಡಬೇಕು, ನಿಮಗೆ ಒಂದು ತಿಂಗಳು ಆಗಲೇ ಹೋಗಿದೆ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹೆಸರೂ ಹೇಳಬೇಕಿಲ್ಲ. ದೂರು ಕೊಡುವುದು ಬೇಡ, ಊರೆಲ್ಲ ಗುಲ್ಲಾಗುತ್ತದೆ ಅನ್ನಿಸಿದರೆ ಕೊಡಬೇಡಿ, ಅದರಲ್ಲಿ ಹೇಡಿತನ ಏನಿಲ್ಲ.

ಫ್ಯಾಕ್ಟರಿಯಲ್ಲಿ ಹೇಳಬೇಡಿ. ಯಾರಿಗೂ ಆ ಲೆಕ್ಕ ಕೊಡಬೇಕಿಲ್ಲ. ಗೊತ್ತಾಯಿತು ಎಂದು ಕೆಲಸದಿಂದ ತೆಗೆಯುವಂತಿಲ್ಲ, ಕೆಲಸಕ್ಕಾಗಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಅನ್ನುವಂತೆಯೂ ಇಲ್ಲ.

ಇನ್ನೊಂದು. ಮಾತ್ರೆ ಪೇಪರಿನಲ್ಲಿ ಕಟ್ಟಿ ಇಡಬೇಡಿ ಮಾರಾಯ್ತೀ! ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಮಾತ್ರೆ ಹಾಳಾಗದೆ ಇರುತ್ತದಾ? ಡಬ್ಬಿಯ ಲೇಬಲ್ ಬೇಕಾದರೆ ಕೆರೆದು ತೆಗೆಯಿರಿ, ಮಾತ್ರೆ ಅದೇ ಡಬ್ಬಿಯಲ್ಲಿ ಮುಚ್ಚಳ ಹಾಕಿ ಇರಲಿ. ಹುಬ್ಬಳ್ಳಿಗೆ ಬಸ್ ಚಾರ್ಜ್ ಈಗ ಇಲ್ಲ, ಸರಿ, ಒಂದು ದಿನದ ಕೂಲಿ ಹೋಗುತ್ತದಲ್ಲ. ಆರು ವರ್ಷ ಸರಿಯಾಗಿ ನುಂಗಿದವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿ ಇದೆ. ಬಾಯಿಬಿಟ್ಟು ಕೇಳಿ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಅಡಿಕೆ ಸುಲಿಯಲು ಬರುವ ಒಬ್ಬಳಿಗೆ ಎಚ್‌ಐವಿ ಇದೆ ಎಂದು ಪಕ್ಕದ ಮನೆಯವರು ಹೇಳಿದರು. ಮೆಟ್ಟುಗತ್ತಿಯಲ್ಲಿ ಬೆರಳು ಕೊಯ್ಯುವುದು ಇದ್ದದ್ದೇ. ಅವಳು ಬರುವುದು ಬೇಡ ಅನ್ನಲಾ?
– ಒಬ್ಬ ಗೃಹಿಣಿ

ಉತ್ತರ: ಬೇಡ ಅನ್ನಬೇಡಿ. ಕತ್ತಿಯ ಮೇಲೆ ಒಣಗಿದ ರಕ್ತದಿಂದಾಗಲಿ, ಅವರು ಮುಟ್ಟಿದ ಅಡಿಕೆಯಿಂದಾಗಲಿ ಎಚ್‌ಐವಿ ಬರುವುದಿಲ್ಲ. ಕೊಯ್ದ ಬೆರಳಿನಿಂದ ಸೋಂಕು ದಾಟಬೇಕಾದರೆ ಹಸಿ ರಕ್ತ ನೇರವಾಗಿ ಇನ್ನೊಬ್ಬರ ಗಾಯದೊಳಗೆ ಹೋಗಬೇಕು. ಯಾರದ್ದೇ ಬೆರಳು ಕೊಯ್ದರೂ ಕತ್ತಿ ತೊಳೆಯಿರಿ, ಗಾಯಕ್ಕೆ ಪಟ್ಟಿ ಹಾಕಿಸಿ, ಅವತ್ತಿನ ಮಟ್ಟಿಗೆ ಬೇರೆ ಕೆಲಸ ಕೊಡಿ. ಸುಲಿಯಲು ಕೂರುವ ಹತ್ತು ಜನರಲ್ಲಿ ಯಾರಿಗೆ ಏನಿದೆ ಎಂದು ನಿಮಗೆ ಗೊತ್ತಾ? ಅವರಲ್ಲಿ ಎಷ್ಟೋ ಜನರಿಗೆ ತಮಗೇ ಗೊತ್ತಿರುವುದಿಲ್ಲ. ಪಕ್ಕದ ಮನೆಯವರು ಮತ್ತೆ ಆ ಸುದ್ದಿ ತೆಗೆದರೆ ಸುಮ್ನೆ ಚಾ ಕೊಟ್ಟು ಬೇರೆ ಮಾತಾಡಿ. ಪಟ್ಟಿ ಒಂದು ಡಬ್ಬಿ ಅಂಗಳದಲ್ಲೇ ಇಟ್ಟಿರಿ, ಎಲ್ಲರಿಗೂ ಕೈಗೆ ಸಿಗುವ ಹಾಗೆ.